ಸ್ಟೇಜಿನ ಮೇಲೆ ನನ್ನ ಬೇಸ್ ನನಗೇ ಕೇಳುವುದಿಲ್ಲ: ಆಂಪ್ ಬದಲಿಸಲೇ, ಕಿವಿ ತೋರಿಸಲೇ?

ಪ್ರಶ್ನೆ: ನಾನು ದಾವಣಗೆರೆಯ ಕೆ.ಟಿ.ಜೆ. ನಗರದವನು, ವಯಸ್ಸು 26. ಮೂರು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಗೆಳೆಯರ ರಸಮಂಜರಿ ತಂಡದ ಜೊತೆ ತಿಂಗಳಿಗೆ ಮೂರು ನಾಲ್ಕು ಪ್ರೋಗ್ರಾಂ ಇರುತ್ತವೆ. ನನ್ನ ಹತ್ತಿರ ಇರುವುದು ನಾಲ್ಕು ತಂತಿಯ ಬೇಸ್, 10 ಇಂಚಿನ ಸ್ಪೀಕರ್ ಇರುವ 40 ವಾಟ್ ಆಂಪ್, ಅಂದರೆ ಆಂಪ್ಲಿಫೈಯರ್. ಸ್ಟೇಜಿನ ಮೇಲೆ ನಾನು ನುಡಿಸಿದ್ದು ನನಗೇ ಕೇಳುವುದಿಲ್ಲ. ಅದಕ್ಕೆ 300 ವಾಟ್ ಆಂಪ್ ತೆಗೆದುಕೊಳ್ಳಬೇಕೆಂದು ದುಡ್ಡು ಕೂಡಿಸಿದ್ದೇನೆ. ಐದು ತಂತಿಯ ಬೇಸ್ ತಗೋ ಅಂತಲೂ ಕೆಲವರು ಹೇಳುತ್ತಾರೆ. ಮೊನ್ನೆ ಗಣಪತಿ ಪ್ರೋಗ್ರಾಂ ಮುಗಿದ ಮೇಲೆ ಬಲಗಿವಿ ಎರಡು ದಿನ ಗುಂಯ್ ಅಂತಿತ್ತು, ಈಗ ಇಲ್ಲ. ಯಾವುದನ್ನು ಮೊದಲು ಮಾಡಲಿ?

ಉತ್ತರ: ಆಂಪ್ ಬಗ್ಗೆ ನಾಲ್ಕು ಸಾಲು ಬರೆದು, ಕಿವಿಯ ವಿಷಯವನ್ನು ‘ಈಗ ಇಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಕಿವಿ ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು, ಬೇಸ್ ನನ್ನ ಚಟ. ಇಪ್ಪತ್ತು ವರ್ಷದಿಂದ ಎರಡೂ ಜೊತೆಗೇ ನಡೆದಿವೆ.

ಮೊದಲು ಒಂದು ಊಹೆ. ನೀವು ನಿಲ್ಲುವುದು ಡ್ರಮ್ಮರ್‌ನ ಎಡಕ್ಕೆ, ಹೈಹ್ಯಾಟ್ ಎಂಬ ಜೋಡಿ ತಟ್ಟೆಗಳ ಪಕ್ಕದಲ್ಲಿ. ಬೇಸ್‌ನವರೆಲ್ಲ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತಾರೆ, ತಾಳ ಹಿಡಿಯುವುದಕ್ಕೆ ಅದೇ ಸರಿಯಾದ ಜಾಗ. ಜನರ ಕಡೆ ಮುಖ ಮಾಡಿ ನಿಂತರೆ ಡ್ರಮ್ಸ್ ನಿಮ್ಮ ಬಲಕ್ಕೆ ಬರುತ್ತದೆ. ಗುಂಯ್ ಅಂದದ್ದು ಬಲಗಿವಿ. ನನ್ನದೂ ಬಲಗಿವಿಯೇ. ಬೇಸ್ ನುಡಿಸುವವರ ಕಿವಿ ಕೆಡಿಸುವುದು ಬಹುತೇಕ ಬೇಸ್ ಅಲ್ಲ, ಮೂರಡಿ ದೂರದಲ್ಲಿ ಹೊಡೆಸಿಕೊಳ್ಳುತ್ತಿರುವ ಆ ಸಿಂಬಲ್‌ಗಳು, ಅಂದರೆ ಕಂಚಿನ ತಟ್ಟೆಗಳು. ಜೊತೆಗೆ ಕಾಲ ಬಳಿ ಕೂತು ಗಾಯಕರ ದನಿಯನ್ನು ಮುಖಕ್ಕೆ ಎಸೆಯುವ ಮಾನಿಟರ್ ಸ್ಪೀಕರ್.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು. ಶಬ್ದ ಜಾಸ್ತಿಯಾದರೆ ಅವು ದಣಿಯುತ್ತವೆ, ತೀರಾ ಜಾಸ್ತಿಯಾದರೆ ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ತಿನ್ನುವುದು 4000 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಆಸುಪಾಸಿನ ಶಬ್ದ ಹಿಡಿಯುವ ಕೋಶಗಳು. ಬೇಸ್‌ನ ಮೂಲಸ್ವರಗಳು ಅದರಿಂದ ಬಹಳ ಕೆಳಗಿವೆ, ಹಾಗಾಗಿ ನಿಮಗೆ ನಷ್ಟ ಗೊತ್ತೇ ಆಗುವುದಿಲ್ಲ. ನಿಮ್ಮ ವಾದ್ಯ ನಿಮಗೆ ಮೊದಲಿನ ಹಾಗೇ ಕೇಳುತ್ತಿರುತ್ತದೆ.

ನಮ್ಮ ದೊಡ್ಡಪ್ಪ ಇಲ್ಲಿಯ ಕಾಟನ್ ಮಿಲ್ಲೊಂದರಲ್ಲಿ ಮಗ್ಗದ ಖಾತೆಯಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ರಿಟೈರ್ ಆದ ಮೇಲೆ ದೊಡ್ಡಮ್ಮ ‘ಹಾಲು ತರ್ರಿ’ ಅಂದರೆ ‘ಯಾವ ಸಾಲು?’ ಎಂದು ಕೇಳುತ್ತಿದ್ದರು. ಮನೆಯವರಿಗೆ ಅದು ತಮಾಷೆ. ‘ಅವರಿಗೆ ಬೇಕಾದ್ದು ಮಾತ್ರ ಕೇಳ್ತತಿ’ ಎಂದು ನಗುತ್ತಿದ್ದರು. ಅದರಲ್ಲಿ ಅರ್ಧ ನಿಜವಿತ್ತು. ಆ, ಊ, ಓ ಮುಂತಾದ ಸ್ವರಗಳು ಕೆಳಗಿನ ಕಂಪನದವು, ಅವು ಕೇಳುತ್ತಿದ್ದವು. ಸ, ಶ, ಹ, ತ ಇವುಗಳ ಗುರುತು ಮೇಲಿನ ಕಂಪನದಲ್ಲಿದೆ, ಅದು ಮಗ್ಗದ ಸದ್ದಿಗೆ ಹೋಗಿಬಿಟ್ಟಿತ್ತು. ನಾನು ಓದಿಗೆ ಈ ವಿಷಯ ಆಯ್ದುಕೊಂಡಿದ್ದು ಅವರಿಂದಲೇ. ಆದರೂ ವಾರವಾರ ಸಿಂಬಲ್ ಪಕ್ಕ ಬರಿಗಿವಿಯಲ್ಲಿ ನಿಂತೆ, ಅದು ಬೇರೆ ಮಾತು.

‘ಎರಡು ದಿನದಲ್ಲಿ ಹೋಯಿತಲ್ಲ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕೇಳುವ ಮಟ್ಟ ತಾತ್ಕಾಲಿಕವಾಗಿ ಇಳಿದು ಒಂದೆರಡು ದಿನದಲ್ಲಿ ಮೇಲೆ ಬರುವುದು ನಿಜ. ಆದರೆ 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಸಂಗತಿ ತೋರಿಸಿದರು: ಪರೀಕ್ಷೆಯಲ್ಲಿ ಕಿವಿ ಪೂರ್ತಿ ಚೇತರಿಸಿಕೊಂಡಂತೆ ಕಂಡರೂ ರೋಮಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಬಹಳಷ್ಟು ಕಡಿದುಹೋಗಿದ್ದವು. ಮನುಷ್ಯರಲ್ಲಿ ಎಷ್ಟರಮಟ್ಟಿಗೆ ಹೀಗಾಗುತ್ತದೆ ಎಂಬುದು ಇನ್ನೂ ಚರ್ಚೆಯಲ್ಲಿದೆ. ಗುಂಯ್ ಅಂದದ್ದನ್ನು ಎಚ್ಚರಿಕೆ ಎಂದು ತೆಗೆದುಕೊಳ್ಳಲು ನನಗೆ ಅಷ್ಟು ಸಾಕು.

ಈಗ ಲೆಕ್ಕ. ಇದನ್ನು ರೇಷನ್ ಪಡಿ ಅಂದುಕೊಳ್ಳಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಶ್ ಹೇಳುವಂತೆ 85 ಡೆಸಿಬೆಲ್ (ಶಬ್ದ ಎಷ್ಟು ಜೋರು ಎಂಬ ಅಳತೆ) ಆದರೆ ಕಿವಿಯ ಪಡಿ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಪಡಿ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ಡ್ರಮ್ಸ್ ಪಕ್ಕ 100 ಬರುವುದು ದೊಡ್ಡ ವಿಷಯವೇ ಅಲ್ಲ. ಮೂರು ಗಂಟೆಯ ಪ್ರೋಗ್ರಾಂನಲ್ಲಿ ಗಣಪತಿ ಸ್ತುತಿ ಮುಗಿದು ಮೂರನೇ ಹಾಡಿಗೆ ಬರುವಷ್ಟರಲ್ಲಿ ನಿಮ್ಮ ಆ ದಿನದ ಪಡಿ ಖಾಲಿ. ಉಳಿದದ್ದೆಲ್ಲ ಸಾಲ.

ಇದೇ ಲೆಕ್ಕವನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಬಯಲಿನ ಸ್ಟೇಜಿನಲ್ಲಿ ದೂರ ಎರಡರಷ್ಟಾದರೆ ನೇರ ಬರುವ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹೈಹ್ಯಾಟ್‌ನಿಂದ ಮೂರಡಿ ದೂರ ನಿಲ್ಲುವ ಬದಲು ಆರಡಿ ದೂರ ನಿಂತರೆ ಹದಿನೈದು ನಿಮಿಷದ ಪಡಿ ಒಂದು ಗಂಟೆಯಾಗುತ್ತದೆ. ಪೈಸೆ ಖರ್ಚಿಲ್ಲ. ಅದರ ಮೇಲೆ 15 ಡೆಸಿಬೆಲ್ ಇಳಿಸುವ ಸಂಗೀತಗಾರರ ಇಯರ್‌ಪ್ಲಗ್ ಹಾಕಿಕೊಂಡರೆ ಇಡೀ ಸಂಜೆ ದಾಟುತ್ತದೆ.

ಇಯರ್‌ಪ್ಲಗ್‌ನಲ್ಲಿ ಎರಡು ಜಾತಿ. ಮೆಡಿಕಲ್ ಶಾಪಿನಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಪಂಜಿನದು ಶಬ್ದವನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ಮೇಲಿನ ಕಂಪನಗಳನ್ನು ಹೆಚ್ಚು ಕತ್ತರಿಸುವುದರಿಂದ ಎಲ್ಲರೂ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಸಂಗೀತಗಾರರ ಪ್ಲಗ್‌ನಲ್ಲಿ ಪುಟ್ಟ ಫಿಲ್ಟರ್ ಇದ್ದು, ಎಲ್ಲ ಕಂಪನಗಳನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತದೆ. ಇವು ಆನ್‌ಲೈನಿನಲ್ಲಿ ಸಿಗುತ್ತವೆ. ಕಿವಿಯ ಅಚ್ಚು ತೆಗೆಸಿ ಮಾಡಿಸಿಕೊಳ್ಳುವುದು ಇನ್ನೂ ಒಳ್ಳೆಯದು, ಆದರೆ ದುಬಾರಿ. ಮೊದಲ ಎರಡು ಪ್ರೋಗ್ರಾಂ ನಿಮಗೆ ವಿಚಿತ್ರ ಅನ್ನಿಸುತ್ತದೆ, ಒಟ್ಟಿಗೆ ಹಾಡಿದರೆ ನಿಮ್ಮ ದನಿ ತಲೆಯೊಳಗೇ ಮೊಳಗುತ್ತದೆ. ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗಲೇ ಹಾಕಿ ರೂಢಿ ಮಾಡಿಕೊಳ್ಳಿ. ಸ್ಪಂಜಿನದೇ ಸಿಕ್ಕಿದ್ದು ಎಂದಾದರೆ ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಿ, ಅದು ಅರಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹೊರಗೆ ಸುಮ್ಮನೆ ಅಂಟಿಸಿಕೊಂಡರೆ ಉಪಯೋಗವಿಲ್ಲ.

ಹತ್ತಿ ಇಟ್ಟುಕೊಂಡರೆ ಆಗದೇ ಎಂದು ಎಲ್ಲರೂ ಕೇಳುತ್ತಾರೆ. ನಾವು ಹತ್ತಿಯ ಊರಿನವರೇ, ಆದರೂ ಹೇಳುತ್ತೇನೆ: ಬರೀ ಹತ್ತಿಯಿಂದ ಹೆಚ್ಚೇನೂ ಆಗುವುದಿಲ್ಲ. ಗುಂಯ್ ಅಂದಾಗ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಆ ಎಣ್ಣೆ ಕಿವಿತಮಟೆಯ ಈಚೆಗೇ ನಿಲ್ಲುತ್ತದೆ, ತೊಂದರೆ ಇರುವುದು ಆಚೆ.

ಪರೀಕ್ಷೆ ಮಾಡಿಸಿ. ನಮ್ಮ ಊರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ‘ಆಡಿಯೋಮೆಟ್ರಿ ಮಾಡಿಸಬೇಕು’ ಎಂದು ಕೇಳಿ. ಶಬ್ದ ಹೊರಗಿನಿಂದ ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, 250ರಿಂದ 8000 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ ಕೇಳಿಸುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ಸಿಗುವ ನಕ್ಷೆಯಲ್ಲಿ 4000ದ ಬಳಿ ಗುಂಡಿ ಬಿದ್ದಂತೆ ಗೆರೆ ಕೆಳಗಿಳಿದಿದೆಯೇ ನೋಡಿ. ಇಲ್ಲದಿದ್ದರೂ ಆ ಕಾಗದ ಜೋಪಾನ ಮಾಡಿ, ಮುಂದಿನ ವರ್ಷದ ನಕ್ಷೆಯನ್ನು ಅದರ ಪಕ್ಕ ಇಟ್ಟು ನೋಡಬೇಕಲ್ಲ. ಇನ್ನೂ ಕೂಲಂಕಷವಾಗಿ ಆಗಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ: ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ‘ನೋಡೋಣ, ನಾಳೆ ಸರಿಹೋಗಬಹುದು’ ಎನ್ನದೆ ಅದೇ ದಿನ ವೈದ್ಯರಲ್ಲಿಗೆ ಓಡಿ. ಆ ಕಾಯಿಲೆಗೆ ಮೊದಲ ಕೆಲವು ದಿನಗಳ ಚಿಕಿತ್ಸೆಯೇ ಮುಖ್ಯ.

ಇನ್ನು ಆಂಪ್. 40 ವಾಟ್‌ನಿಂದ 300 ವಾಟ್ ಅಂದರೆ ಏಳೂವರೆ ಪಟ್ಟು, ಬೆಲೆಯೂ ಏರುತ್ತದೆ. ಸ್ಪೀಕರ್ ಅದೇ ತರಹದ್ದಾದರೆ ಡೆಸಿಬೆಲ್‌ನಲ್ಲಿ ಸಿಗುವುದು 9ಕ್ಕಿಂತ ಸ್ವಲ್ಪ ಕಡಿಮೆ. ಒಂದು ಶಬ್ದ ಎರಡರಷ್ಟು ಜೋರು ಅನ್ನಿಸಲು ಸಾಮಾನ್ಯವಾಗಿ 10 ಡೆಸಿಬೆಲ್ ಬೇಕು. ನೀವು ಅಷ್ಟು ಏರಿಸಿದ ಮೇಲೆ ಕೀಬೋರ್ಡ್‌ನವರು ಸುಮ್ಮನಿರುತ್ತಾರೆಯೇ? ಅವರೂ ಏರಿಸುತ್ತಾರೆ. ಗಾಯಕಿ ಸೌಂಡ್ಸ್‌ನವರ ಕಡೆ ತಿರುಗಿ ಬೆರಳು ಮೇಲಕ್ಕೆ ತೋರಿಸುತ್ತಾರೆ. ಅರ್ಧ ಗಂಟೆಯಲ್ಲಿ ಎಲ್ಲರೂ ಮೊದಲಿದ್ದಲ್ಲಿಗೇ ಬಂದಿರುತ್ತೀರಿ, ಆರು ಡೆಸಿಬೆಲ್ ಮೇಲೆ.

ನಿಮಗೆ ಬೇಸ್ ಕೇಳದಿರುವುದಕ್ಕೆ ವಾಟ್ ಕಾರಣವಲ್ಲ. ಕಿವಿ ಕೆಳಗಿನ ಕಂಪನಕ್ಕೆ ಹುಟ್ಟಾ ಮಂದ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದಿಟ್ಟಿದ್ದಾರೆ. ಮೆಲ್ಲಗೆ ಕೇಳುವಾಗ 40 ಹರ್ಟ್ಜ್‌ನ ಸ್ವರವೊಂದು 1000 ಹರ್ಟ್ಜ್‌ನ ಸ್ವರದಷ್ಟೇ ಜೋರು ಅನ್ನಿಸಲು ಸುಮಾರು 40 ಡೆಸಿಬೆಲ್ ಹೆಚ್ಚು ಬೇಕು. ನಿಮ್ಮ ದಪ್ಪ ಇ ತಂತಿ ಬಿಡಿಯಾಗಿ ಮಿಡಿದರೆ 41 ಹರ್ಟ್ಜ್. ಆಮೇಲೆ ಎ 55, ಡಿ 73, ಜಿ 98. 10 ಇಂಚಿನ ಸಣ್ಣ ಪೆಟ್ಟಿಗೆ 41ನ್ನು ಹೊರಗೆ ಹಾಕುವುದೇ ಕಷ್ಟ. ಹಾಗಾದರೆ ನೀವು ಕೇಳುತ್ತಿರುವುದು ಏನನ್ನು? ಅದರ ಮೇಲಿನ ಉಪಸ್ವರಗಳನ್ನು, 82, 123, 164 ಹೀಗೆ. ಅವನ್ನು ಕೇಳಿ ಮೂಲಸ್ವರವನ್ನು ಮಿದುಳು ತಾನೇ ಸೇರಿಸಿಕೊಳ್ಳುತ್ತದೆ. ಅನುಮಾನವಿದ್ದರೆ ಮೊಬೈಲ್ ಸ್ಪೀಕರಿನಲ್ಲಿ ಯಾವುದಾದರೂ ಹಾಡು ಹಾಕಿ. ಆ ಕಡಲೆಬೀಜದಷ್ಟು ಸ್ಪೀಕರಿನಿಂದ 41 ಹರ್ಟ್ಜ್ ಬರುವುದು ಸಾಧ್ಯವೇ ಇಲ್ಲ, ಆದರೂ ಬೇಸ್ ಎಲ್ಲಿ ಹೋಗುತ್ತಿದೆ ಎಂದು ನಿಮಗೆ ತಿಳಿಯುತ್ತದೆ.

ಹಾಗಾಗಿ ಕೇಳುತ್ತಿಲ್ಲ ಎಂದು ಆಂಪಿನ ಬೇಸ್ ಗುಬಟಿಯನ್ನು ಏರಿಸುವುದು ತಲೆಕೆಳಗಿನ ಕೆಲಸ. ಅದನ್ನು ನಡುವಿಗಿಂತ ಸ್ವಲ್ಪ ಕೆಳಗಿಡಿ. ಮಿಡ್, ಅಂದರೆ ಮಧ್ಯದ ಕಂಪನಗಳ ಗುಬಟಿ ಏರಿಸಿ, ಕಂಪನ ಆರಿಸುವ ಗುಬಟಿ ಇದ್ದರೆ 400ರಿಂದ 800ರ ನಡುವೆ ಹುಡುಕಿ. ಮನೆಯಲ್ಲಿ ಒಬ್ಬರೇ ಕೇಳಿದರೆ ನೆಗಡಿ ಬಂದವರು ಮೂಗಿನಲ್ಲಿ ಹಾಡಿದಂತಿರುತ್ತದೆ. ಡ್ರಮ್ಸ್, ಕೀಬೋರ್ಡ್, ಕೋರಸ್ ಎಲ್ಲ ಸೇರಿದ ಮೇಲೆ ಅದೇ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಕೋಣೆಯಲ್ಲಿ ಚೆಂದ ಅಂತ ಮಧ್ಯ ಇಳಿಸಿ ಎರಡು ತುದಿ ಏರಿಸಿಟ್ಟುಕೊಂಡ ಆಂಪ್ ಸ್ಟೇಜಿನಲ್ಲಿ ಮಾಯವಾಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನನ್ನದೇ ಆಗಿತ್ತು, ಕಾಲೇಜು ದಿನಗಳಲ್ಲಿ.

ಎರಡನೆಯದು, ಆಂಪ್ ಇಡುವ ಜಾಗ. ಈಗ ಅದು ನಿಮ್ಮ ಬೆನ್ನ ಹಿಂದೆ ನೆಲದ ಮೇಲಿರುತ್ತದೆ. ನೀವು ಕೇಳಬೇಕಾದ ಆ ಮಧ್ಯದ, ಮೇಲಿನ ಕಂಪನಗಳು ಸ್ಪೀಕರಿನಿಂದ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತವೆ, ನಿಮ್ಮ ಮೀನಖಂಡ ಸವರಿಕೊಂಡು ಮೊದಲ ಸಾಲಿನ ಮಕ್ಕಳ ಕಡೆಗೆ. ನಿಮಗೆ ಉಳಿಯುವುದು ಗುಮ್ ಅನ್ನುವ ಶಬ್ದ. ಅದಕ್ಕೆ ನಮ್ಮ ಸ್ಟೇಜುಗಳೂ ಕಾರಣ. ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಹಾಸಿ ಕಟ್ಟಿದ ಸ್ಟೇಜು ಒಳಗೆ ಟೊಳ್ಳು, ಆಂಪ್ ಅದರ ಮೇಲೆ ಕೂತರೆ ಸ್ಟೇಜೇ ಡೊಳ್ಳಾಗುತ್ತದೆ. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ಎರಡು ಒಂದರೊಳಗೊಂದು ಹಾಕಿ, ಮೇಲೆ ಕಂಬಳಿ ಮಡಿಸಿ ಹಾಸಿ, ಆಂಪ್ ಅದರ ಮೇಲಿಡಿ. ನನ್ನ ಹತ್ತಿರ ಚಳ್ಳಕೆರೆ ಕಡೆಯ ಒಂದು ಹಳೆಯ ಕಂಬಳಿ ಇದೆ, ಹನ್ನೆರಡು ವರ್ಷದಿಂದ ಅದೇ ಕೆಲಸ ಅದಕ್ಕೆ. ಆಂಪ್ ಮುಖ ಸ್ವಲ್ಪ ಮೇಲಕ್ಕಿರಲಿ, ಜಾರದಂತೆ ಕುರ್ಚಿಗೆ ಒಂದು ಸುತ್ತು ಹಗ್ಗ ಕಟ್ಟಿ. ನಿಮ್ಮ ಎಡಕ್ಕೆ, ಐದಾರು ಅಡಿ ದೂರದಲ್ಲಿ, ಎಡಗಿವಿಗೆ ನೇರವಾಗಿ ಇಡಿ. ಬಲಗಿವಿಗೆ ಡ್ರಮ್ಸ್ ಇದ್ದೇ ಇದೆ. 40 ವಾಟ್ ನಿಮಗೊಬ್ಬರಿಗೆ ಸಾಕು. ಜನರಿಗೆ ಕೇಳಿಸುವುದು ಸೌಂಡ್ಸ್‌ನವರ ಕೆಲಸ.

ಅಲ್ಲೇ ನಿಮ್ಮ ದುಡ್ಡು ಹೋಗಬೇಕಾದದ್ದು: ಒಂದು ಡಿಐ ಬಾಕ್ಸ್‌ಗೆ. ಈಗ ಸೌಂಡ್ಸ್ ಹುಡುಗ ಏನು ಮಾಡುತ್ತಾನೆ? ನಿಮ್ಮ ಗಿಟಾರ್ ವೈರನ್ನೇ ಉದ್ದ ಮಾಡಿ ಮಿಕ್ಸರ್‌ಗೆ ಚುಚ್ಚುತ್ತಾನೆ. ಬ್ಯಾಟರಿ ಇಲ್ಲದ ಸಾದಾ ಬೇಸ್ ಆದರೆ ಅಲ್ಲಿಗೆ ಸ್ವರ ಮಂಕಾಗುತ್ತದೆ, ದಾರಿಯಲ್ಲಿ ಹಮ್ಮಿಂಗ್ ಸೇರಿಕೊಳ್ಳುತ್ತದೆ. ಡಿಐ ಬಾಕ್ಸ್ ನಿಮ್ಮ ಸಿಗ್ನಲ್ಲನ್ನು ಮೈಕ್ ವೈರಿನಲ್ಲಿ ದೂರ ಹೋಗುವ ಹಾಗೆ ಬದಲಿಸಿ ಕೊಡುತ್ತದೆ. ಸಾದಾ ಬೇಸಿಗೆ ಆಕ್ಟಿವ್, ಅಂದರೆ ಕರೆಂಟ್ ಬೇಡುವ ಡಿಐ ತೆಗೆದುಕೊಳ್ಳಿ. ಬ್ಯಾಟರಿ ಇರುವ ಬೇಸಿಗೆ ಕರೆಂಟ್ ಬೇಡದ ಪ್ಯಾಸಿವ್ ಸಾಕು. ಅಂದ ಹಾಗೆ ಬ್ಯಾಟರಿ ಬೇಸ್‌ನವರು ಮನೆಗೆ ಹೋದ ಮೇಲೆ ಜ್ಯಾಕ್ ಕಿತ್ತಿಡಿ, ಚುಚ್ಚಿದ್ದರೆ ರಾತ್ರಿಯೆಲ್ಲ ಬ್ಯಾಟರಿ ತಿನ್ನುತ್ತದೆ.

ಹಮ್ಮಿಂಗ್ ಬಂದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಒತ್ತಿ. ಯಾವ ಕಾರಣಕ್ಕೂ ಆಂಪಿನ ಪ್ಲಗ್‌ನಲ್ಲಿರುವ ಮೂರನೇ ಪಿನ್ ಕೀಳಿಸಬೇಡಿ. ಒಮ್ಮೆ ಜಗಳೂರು ಕಡೆಯ ಹಳ್ಳಿಯೊಂದರ ಜಾತ್ರೆಯಲ್ಲಿ ಜನರೇಟರ್ ಮೇಲೆ ಪ್ರೋಗ್ರಾಂ. ಹಮ್ಮಿಂಗ್ ಹೋಗಲಿ ಎಂದು ಯಾರೋ ನನ್ನ ಆಂಪಿನ ಅರ್ಥಿಂಗ್ ತಪ್ಪಿಸಿದ್ದರು. ನಾನು ಎಡಗೈಯಲ್ಲಿ ತಂತಿ ಹಿಡಿದುಕೊಂಡೇ ಕೋರಸ್ ಹೇಳಲು ಬಾಗಿದೆ. ತುಟಿ ಮೈಕಿಗೆ ತಾಗಿದ್ದೇ ತಡ, ಹಲ್ಲಿನ ಬೇರಿನವರೆಗೆ ಚುರ್ ಅಂದಿತು, ನಾಲಿಗೆ ಮೇಲೆ ಹತ್ತು ಪೈಸೆ ನಾಣ್ಯ ಇಟ್ಟಂಥ ರುಚಿ. ಬೇಸಿನ ತಂತಿ ಬ್ರಿಡ್ಜ್ (ತಂತಿ ಸಿಕ್ಕಿಸುವ ಲೋಹದ ಪಟ್ಟಿ) ಮೂಲಕ ಆಂಪಿನ ಲೋಹದ ಮೈಗೆ ಸೇರಿರುತ್ತದೆ, ಮೈಕಿನ ಜಾಲರಿ ಮಿಕ್ಸರ್ ಮೈಗೆ. ಒಂದಕ್ಕೆ ಅರ್ಥಿಂಗ್ ಇಲ್ಲದೆ ಕರೆಂಟ್ ಸೋರಿದರೆ ಎರಡರ ನಡುವಿನ ವೈರು ನೀವೇ. ಅಂದಿನಿಂದ ನನ್ನ ಬ್ಯಾಗಿನಲ್ಲಿ ಹತ್ತು ರೂಪಾಯಿ ಪಿಕ್‌ಗಳ ಜೊತೆ ಒಂದು ಟೆಸ್ಟರ್ ಇದೆ. ತಂತಿಗೂ ಮೈಕಿಗೂ ಮುಟ್ಟಿಸಿ ನೋಡಿ, ಮಿಣಕ್ ಅಂದರೆ ಸರಿಪಡಿಸುವ ತನಕ ವಾದ್ಯ ಮುಟ್ಟುವುದಿಲ್ಲ.

ಐದು ತಂತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಬಿ ತಂತಿ 31 ಹರ್ಟ್ಜ್. 41ನ್ನೇ ಹೇಳಲು ಒದ್ದಾಡುವ ಆಂಪಿಗೆ ಅದು ಹೊರೆ. ಗಾಯಕರು ಡಿ ಸ್ಕೇಲ್ ಕೇಳಿದಾಗ ಕೆಳಗಿನ ಡಿ ಸಿಗಬೇಕು ಎನ್ನುವುದಾದರೆ ಇ ತಂತಿಯನ್ನೇ ಡಿಗೆ ಇಳಿಸಿಕೊಳ್ಳಿ. ಒಂದು ವರ್ಷ ಆದ ಮೇಲೂ ಬಿ ಬೇಕೇ ಬೇಕು ಅನ್ನಿಸಿದರೆ ಆಗ ನೋಡೋಣ. ನಮ್ಮ ಎಷ್ಟೋ ತಂಡಗಳಲ್ಲಿ ಕೀಬೋರ್ಡ್‌ನವರೇ ಎಡಗೈಯಲ್ಲಿ ಬೇಸ್ ಹೊಡೆದು ಮುಗಿಸುತ್ತಾರೆ, ನಿಮ್ಮನ್ನು ಕರೆಯುತ್ತಿದ್ದಾರಲ್ಲ, ಅದು ತಂತಿ ಎಣಿಸಿ ಅಲ್ಲ.

ಮನೆಯ ಪ್ರಾಕ್ಟೀಸ್ ಬಗ್ಗೆ ಒಂದು ಮಾತು. ಹತ್ತಡಿ ಕೋಣೆಯಲ್ಲಿ ಬಿಡಿ ಎ ತಂತಿ ಮಾತ್ರ ಕಿಟಕಿ ಅಲ್ಲಾಡುವಷ್ಟು ಮೊಳಗಿದರೆ ನಿಮ್ಮ ಬೇಸ್ ಕೆಟ್ಟಿಲ್ಲ. ಎರಡು ಗೋಡೆಗಳ ನಡುವಿನ ಹತ್ತಡಿಯಲ್ಲಿ 56, 57 ಹರ್ಟ್ಜ್ ಶಬ್ದ ತಾನೇ ತಾನಾಗಿ ಹಿಗ್ಗುತ್ತದೆ, ಎ ಇರುವುದು 55ರಲ್ಲಿ. ಆಂಪನ್ನು ಮೂಲೆಯಿಂದ ಈಚೆ ಎಳೆಯಿರಿ, ಅಷ್ಟೇ. ಹೆಡ್‌ಫೋನ್ ಹಾಕುವುದಾದರೆ ಎರಡೂ ಕಿವಿಗೆ ಹಾಕಿ. ಒಂದು ಕಿವಿ ತೆರೆದಿಟ್ಟರೆ ಇನ್ನೊಂದಕ್ಕೆ ಗೊತ್ತಿಲ್ಲದೆ ಜೋರು ಮಾಡುತ್ತೀರಿ. ಸ್ಟೇಜಿನಲ್ಲಿ ಇಯರ್‌ಫೋನ್ ಮಾನಿಟರ್ ಬಳಸುವವರು ಮಾಡುವ ತಪ್ಪೂ ಇದೇ.

ಈಗ ಕ್ರಮ ಹೇಳುತ್ತೇನೆ: ಈ ವಾರ ಇಯರ್‌ಪ್ಲಗ್, ಮುಂದಿನ ಪ್ರೋಗ್ರಾಂಗೆ ಕುರ್ಚಿ ಮತ್ತು ಕಂಬಳಿ, ಆಮೇಲೆ ಡಿಐ. 300 ವಾಟ್ ದುಡ್ಡು ಬ್ಯಾಂಕಿನಲ್ಲಿರಲಿ. ಆಡಿಯೋಮೆಟ್ರಿಗೆ ಮಾತ್ರ ಸೋಮವಾರ ಹೋಗಬೇಡಿ. ಭಾನುವಾರ ನಿಮಗೆ ಯಾವುದಾದರೂ ರಿಸೆಪ್ಷನ್ ಇದ್ದೇ ಇರುತ್ತದೆ, ದಣಿದ ಕಿವಿಯ ನಕ್ಷೆ ಸುಳ್ಳು ಹೇಳುತ್ತದೆ. ಬುಧವಾರ ಅಥವಾ ಗುರುವಾರ ಹೋಗಿ, ಹಿಂದಿನ ದಿನ ಬೇಸ್ ಕವರಿನಲ್ಲೇ ಇರಲಿ.